ಟೇಕಲ್ಲಿನ ಶಾಸನಗಳೂ ವಿಶ್ವವಿದ್ಯಾನಿಲಯದ ಸಂಶೋಧನೆಯೂ

ಮಾಲೂರು ತಾಲ್ಲೂಕಿನ ಟೇಕಲ್ ಇಂದು ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣವೆಂದೇ ಹೆಚ್ಚು ಪರಿಚಿತ. ಆದರೆ ವಿಜಯನಗರದ ಕಾಲದಲ್ಲಿ ಇದು ಸಾಳುವ ಗೋಪರಾಜನಂಥ ಅಧಿಕಾರಿಗಳ ನೆಲೆಯಾಗಿತ್ತು. ಅಲ್ಲಿನ ವರದರಾಜಸ್ವಾಮಿ ದೇವಾಲಯವೂ ಶಿಲಾಶಾಸನಗಳೂ ಆ ಗತವೈಭವಕ್ಕೆ ಸಾಕ್ಷಿ ನುಡಿಯುತ್ತಿವೆ. ಕಲ್ಲಿನ ಮೇಲಿನ ಈ ಮಾತು ಕಾಗದಕ್ಕೆ ಇಳಿದು ಬಂದ ಬಗೆಯನ್ನು ಅರಿತರೆ, ಸಂಶೋಧನೆಗೆ ಆಶ್ರಯವೆಷ್ಟು ಅಗತ್ಯವೆಂಬುದು ತಾನೇ ವಿದಿತವಾಗುತ್ತದೆ.

ಬಿ. ಎಲ್. ರೈಸರು ಮೈಸೂರು ಸಂಸ್ಥಾನದ ಆಶ್ರಯದಲ್ಲಿ 1886ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ ಅಚ್ಚಾದ ಶಾಸನಗಳು 8,869. ಹತ್ತನೆಯ ಸಂಪುಟವಾದ ಕೋಲಾರದ ಸಂಪುಟ 1905ರಲ್ಲಿ ಪ್ರಕಟವಾಯಿತು. ಟೇಕಲ್ಲಿನ ಶಾಸನಗಳು ಅದರಲ್ಲಿ ಸೇರಿವೆ. ಸಂಸ್ಥಾನದ ಬೊಕ್ಕಸವೂ ದೇಶೀಯ ಪಂಡಿತರ ಪರಿಶ್ರಮವೂ ಒದಗದಿದ್ದರೆ ಒಬ್ಬ ಅಧಿಕಾರಿಯಿಂದ ಈ ಮಹಾಕಾರ್ಯ ನೆರವೇರುತ್ತಿರಲಿಲ್ಲ. ರೈಸರ ತರುವಾಯ ಬಂದ ಆರ್. ನರಸಿಂಹಾಚಾರ್ಯರು 'ಕರ್ನಾಟಕ ಕವಿಚರಿತೆ'ಯನ್ನು ರಚಿಸುವಾಗ ಶಾಸನಗಳು ಕವಿಗಳ ಕಾಲನಿರ್ಣಯಕ್ಕೆ ಊರುಗೋಲಾದವು. ಸಾಹಿತ್ಯದ ವಿದ್ಯಾರ್ಥಿಗೆ ಶಾಸನ ಪರಕೀಯವಲ್ಲವೆಂಬುದಕ್ಕೆ ಇದೇ ನಿದರ್ಶನ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮುಂದೆ ಅಲ್ಲಿನ ಇತಿಹಾಸ ಪ್ರಾಧ್ಯಾಪಕರಾದ ಎಂ. ಎಚ್. ಕೃಷ್ಣ ಅವರೇ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆದರು. ಬೋಧನೆ, ಕ್ಷೇತ್ರಕಾರ್ಯ, ಪ್ರಕಟನೆಗಳು ಹೀಗೆ ಒಂದೇ ಸೂತ್ರದಲ್ಲಿ ಸೇರಿದ್ದರ ಫಲವಾಗಿಯೇ ಹಲ್ಮಿಡಿ ಶಾಸನವು ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ವಿದ್ವತ್ಪ್ರಪಂಚಕ್ಕೆ ಪರಿಚಯವಾಯಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. 1972ರಿಂದ ಶಾಸನಸಂಪುಟಗಳ ಪರಿಷ್ಕೃತ ಮುದ್ರಣವನ್ನು ಅದು ಕೈಗೆತ್ತಿಕೊಂಡಿತು.

ವಚನವಾಙ್ಮಯದ ಚರಿತ್ರೆಯೂ ಇದೇ ಪಾಠವನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. ಫ. ಗು. ಹಳಕಟ್ಟಿಯವರು ಯಾವ ವಿಶ್ವವಿದ್ಯಾನಿಲಯದ ಆಸರೆಯೂ ಇಲ್ಲದೆ, ವಕೀಲಿ ವೃತ್ತಿಯ ನಡುವೆ ಓಲೆಗರಿಗಳನ್ನು ಅರಸಿ ಅಲೆದರು; 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು; ಮನೆಯನ್ನು ಮಾರಿಯೂ ಮುದ್ರಣಾಲಯವನ್ನು ನಡೆಸಿದರು. ಆ ತ್ಯಾಗ ವಂದನೀಯ. ಆದರೆ ವಿದ್ವಾಂಸನೊಬ್ಬ ಮನೆ ಮಾರಿದರೆ ಮಾತ್ರ ಗ್ರಂಥ ಬೆಳಕು ಕಾಣುವುದಾದರೆ ಅದು ನಾಡಿಗೆ ಭೂಷಣವಲ್ಲ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆರ್. ಸಿ. ಹಿರೇಮಠ ಮೊದಲಾದವರು ವಚನಗಳ ಶಾಸ್ತ್ರೀಯ ಸಂಪಾದನೆಯನ್ನು ಬೆಳೆಸಿದರು. 1993ರಲ್ಲಿ ರಾಜ್ಯ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಒಬ್ಬರು ಹೊತ್ತ ಭಾರವನ್ನು ಹಲವರು ಹಂಚಿಕೊಂಡರು.

ಈಗ ಮತ್ತೆ ಕೋಲಾರದ ಮಾತು. ಅಲ್ಲಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಿಂದ ಮುಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದವು. 2017ರಲ್ಲಿ ಟಮಕವನ್ನು ನೆಲೆಯಾಗಿಸಿಕೊಂಡು ಆರಂಭವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬಂದವು. ಶಾಸನಗಳ ಊರಿಗೆ ವಿಶ್ವವಿದ್ಯಾಲಯವೇ ನಡೆದುಬಂದಂತಾಯಿತು. ಕೋಲಾರ ಸಂಪುಟದಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಸಂಸ್ಕೃತಗಳೂ ಇವೆ. ಈ ನಾಲ್ಕನ್ನೂ ಬಲ್ಲವರು ವಿರಳ. ಆದುದರಿಂದ ಈ ಸೀಮೆಯಲ್ಲಿ ಸಹಯೋಗವೆಂಬುದು ಅಲಂಕಾರವಲ್ಲ, ಅನಿವಾರ್ಯ. ನೆರೆಯ ಚಿತ್ತೂರು, ಕೃಷ್ಣಗಿರಿ ಪ್ರದೇಶಗಳ ವಿದ್ವಾಂಸರೊಡನೆ ಕೂಡಿ ದುಡಿದರೆ ಮಾತ್ರ ಪಾಠಗಳು ಶುದ್ಧವಾದಾವು.

ಕೇಂದ್ರ ಸರ್ಕಾರವು 2023ರ ಶಾಸನದಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ರಚಿಸಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜು ಅದಕ್ಕಿದ್ದಿತು. ಅದರ ವ್ಯಾಪ್ತಿಯು ಮುಖ್ಯವಾಗಿ ವಿಜ್ಞಾನವೇ ಆದರೂ, ಮಾನವಿಕ ಶಾಸ್ತ್ರಗಳು ವಿಜ್ಞಾನ-ತಂತ್ರಜ್ಞಾನಗಳೊಡನೆ ಸಂಧಿಸುವ ಕ್ಷೇತ್ರವೂ ಅದರಲ್ಲಿ ಸೇರಿದೆ. ಶಾಸನಗಳ ಮೂರು ಆಯಾಮದ ಚಿತ್ರಗ್ರಹಣ ಇಂತಹ ಸಂಧಿಸ್ಥಾನದ ಕಾರ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಚೆಗೆ ಅದನ್ನು ಕೈಗೊಂಡು ದಾರಿ ತೋರಿದೆ.

ಧನವೊಂದರಿಂದಲೇ ವಿದ್ವತ್ತು ಹುಟ್ಟದು, ಕಾಯಕನಿಷ್ಠೆ ಬೇಕು. ಆದರೆ ಕಾಯಕಕ್ಕೆ ದಾಸೋಹದ ಬೆಂಬಲವಿಲ್ಲದಿದ್ದರೆ ಅದು ಒಂದು ತಲೆಮಾರಿಗೇ ಬತ್ತಿಹೋಗುತ್ತದೆ. ಬಿಸಿಲು ಮಳೆಗಳಿಗೆ ಕಲ್ಲಿನ ಅಕ್ಷರವೂ ಸವೆಯುತ್ತದೆ. ಸವೆದ ಮೇಲೆ ಅದನ್ನು ಯಾವ ಅನುದಾನವೂ ಮರಳಿ ಕೆತ್ತಲಾರದು. ಅಕ್ಷರವುಳಿದಿರುವಾಗಲೇ ಓದುವವರನ್ನು ಸಿದ್ಧಗೊಳಿಸುವುದು ವಿಶ್ವವಿದ್ಯಾಲಯದ, ಸರ್ಕಾರದ, ಸಮಾಜದ ಕೂಡುಹೊಣೆ.