ದುಡಿಮೆಯ ನೆಲೆಯಲ್ಲಿ ಆಪ್ತ ಸಮಾಲೋಚನೆ: ಕಚೇರಿಯಿಂದ ಕಡಲತಡಿಯವರೆಗೆ

ಉಚ್ಚಿಲ: ಉದ್ಯೋಗಿಯ ಮನಸ್ಸಿನ ಭಾರವನ್ನು ಆತನ ಖಾಸಗಿ ವಿಷಯವೆಂದು ತಳ್ಳಿಹಾಕುವ ಕಾಲ ಹಿಂದೆ ಸರಿಯುತ್ತಿದೆ. ಖಿನ್ನತೆ ಹಾಗೂ ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ದುಡಿಮೆಯ ದಿನಗಳು ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ದೊಡ್ಡ ಸಂಸ್ಥೆಗಳು ಇದಕ್ಕೆ ಪರಿಹಾರವಾಗಿ ಆಪ್ತ ಸಮಾಲೋಚನಾ ಕಾರ್ಯಕ್ರಮಗಳನ್ನು ರೂಪಿಸಿಕೊಂಡಿವೆ. ಆದರೆ ಉಚ್ಚಿಲ, ಕಾಪು, ಮಲ್ಪೆಯಂತಹ ಊರುಗಳಲ್ಲಿ ದುಡಿಯುವ ಬಹುಪಾಲು ಜನರಿಗೆ ಸಿಬ್ಬಂದಿ ವಿಭಾಗವೆಂಬುದೇ ಇಲ್ಲ. ಅವರಿಗೆ ಈ ಸೇವೆ ತಲುಪುವ ಬಗೆ ಹೇಗೆ?

ಕಾರ್ಯಕ್ರಮವೆಂದರೇನು?

ಕೌಟುಂಬಿಕ ಕಲಹ, ಸಾಲದ ಹೊರೆ, ಮದ್ಯವ್ಯಸನ, ವರ್ಗಾವಣೆಯ ಸಂಕಟ, ಮೇಲಧಿಕಾರಿಯ ಕಿರುಕುಳ ಮೊದಲಾದವುಗಳಿಂದ ಬಳಲುವ ಉದ್ಯೋಗಿಯು ತರಬೇತಿ ಪಡೆದ ಸಮಾಲೋಚಕರೊಡನೆ ಕೆಲವು ಬಾರಿ ಮಾತನಾಡಲು ಸಂಸ್ಥೆಯ ವೆಚ್ಚದಲ್ಲಿ ಕಲ್ಪಿಸುವ ಅವಕಾಶವೇ ಈ ಕಾರ್ಯಕ್ರಮ. ಇದರ ಬೇರು 1940ರ ದಶಕದ ಅಮೆರಿಕದಲ್ಲಿದೆ; ಕಾರ್ಖಾನೆ ಕಾರ್ಮಿಕರ ಕುಡಿತದ ಚಟ ಬಿಡಿಸುವ ಉದ್ದೇಶದಿಂದ ಆರಂಭವಾದದ್ದು ಕ್ರಮೇಣ ಬದುಕಿನ ಇತರ ಸಮಸ್ಯೆಗಳಿಗೂ ವಿಸ್ತರಿಸಿತು. ಸಮಾಲೋಚಕರು ಔಷಧ ಬರೆದುಕೊಡುವುದಿಲ್ಲ. ಅಗತ್ಯ ಕಂಡುಬಂದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ಗೌಪ್ಯತೆಯೇ ತಳಹದಿ

ಭಾರತದ ಕಾನೂನಿನಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯ ಹುದ್ದೆ ಹೊಸತಲ್ಲ. 1948ರ ಕಾರ್ಖಾನೆ ಕಾಯ್ದೆಯು 500ಕ್ಕಿಂತ ಕಡಿಮೆಯಿಲ್ಲದ ಕಾರ್ಮಿಕರಿರುವೆಡೆ ಇಂತಹ ಅಧಿಕಾರಿಯನ್ನು ಕಡ್ಡಾಯಗೊಳಿಸಿತ್ತು. 2020ರಲ್ಲಿ ಅಂಗೀಕೃತವಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಈ ಮಿತಿಯನ್ನು 250ಕ್ಕೆ ಇಳಿಸಿತು. ಆದರೆ ಕಲ್ಯಾಣಾಧಿಕಾರಿಯು ಆಡಳಿತ ಮಂಡಳಿಯ ಸಂಬಳ ಪಡೆಯುವವರು. ಬಡ್ತಿ, ರಜೆ, ಶಿಸ್ತುಕ್ರಮಗಳ ಕಡತ ಯಾರ ಮೇಜಿನ ಮೇಲಿದೆಯೋ ಅವರ ಮುಂದೆ ಯಾರೂ ಮನಸ್ಸು ಬಿಚ್ಚಲಾರರು.

ಆದುದರಿಂದ ಸಮಾಲೋಚಕರು ಸಂಸ್ಥೆಯ ಹೊರಗಿನವರಾಗಿರುವುದು ಒಳಿತು. ಸಂಸ್ಥೆಗೆ ಸಲ್ಲಬೇಕಾದದ್ದು ಎಷ್ಟು ಮಂದಿ ಸೇವೆ ಪಡೆದರೆಂಬ ಸಂಖ್ಯೆ ಮಾತ್ರ, ಹೆಸರುಗಳಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017, ಮಾನಸಿಕ ಅಸ್ವಸ್ಥತೆಯುಳ್ಳವರ ಮಾಹಿತಿಯನ್ನು ಗೌಪ್ಯವಾಗಿಡುವುದನ್ನು ಅವರ ಹಕ್ಕೆಂದೇ ಘೋಷಿಸಿದೆ. ಪ್ರಾಣಾಪಾಯದ ಸಂದರ್ಭದಂತಹ ಕೆಲವು ವಿನಾಯಿತಿಗಳಷ್ಟೇ ಇದಕ್ಕಿವೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ, ಸೇವೆಯಲ್ಲಿರುವಾಗ ಮಾನಸಿಕ ಅಸ್ವಸ್ಥತೆಯೂ ಸೇರಿದಂತೆ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಆ ಕಾರಣಕ್ಕಾಗಿ ಸರಕಾರಿ ಸಂಸ್ಥೆಗಳು ವಜಾಗೊಳಿಸುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ.

ಬ್ಯಾಂಕುಗಳ ಜಿಲ್ಲೆಯಲ್ಲಿ

ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಇಲ್ಲಿಯೇ ಜನ್ಮತಾಳಿದವು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡವು. ಸಂಸ್ಥೆಯ ಹೆಸರು, ಕಾರ್ಯಪದ್ಧತಿ, ಮೇಲಧಿಕಾರಿಗಳು ಏಕಕಾಲಕ್ಕೆ ಬದಲಾಗುವ ಇಂತಹ ಸಂದರ್ಭಗಳಲ್ಲಿಯೇ ಸಮಾಲೋಚನೆಯ ಅಗತ್ಯ ಹೆಚ್ಚು. ಆದರೆ ಗುರಿ ಅಸಾಧ್ಯವಾಗಿದ್ದು ಸಿಬ್ಬಂದಿ ಸಾಲದಾಗಿದ್ದರೆ ಸಮಾಲೋಚನೆಯೊಂದರಿಂದಲೇ ಪರಿಹಾರ ದೊರೆಯದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಕೆಲಸದ ಸ್ಥಿತಿಗತಿಯ ಸುಧಾರಣೆ ಹಾಗೂ ಮೇಲಧಿಕಾರಿಗಳ ತರಬೇತಿಗೆ ಒತ್ತು ನೀಡಿದೆ.

ಕಡಲಿಗೆ ಇಳಿಯುವವರಿಗೆ?

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ತೆರಳಿದ 'ಸುವರ್ಣ ತ್ರಿಭುಜ' ಬೋಟು 7 ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಾಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಮನೆಗಳವರು ಅಳಲೂ ಆಗದೆ, ಕಾಯುವುದನ್ನು ಬಿಡಲೂ ಆಗದೆ ದಿನ ಕಳೆದರು. ಇಂತಹ ದುರಂತ ದೊಡ್ಡ ಕಂಪನಿಯಲ್ಲಿ ಘಟಿಸಿದ್ದರೆ ಸಹೋದ್ಯೋಗಿಗಳಿಗೂ ಕುಟುಂಬಗಳಿಗೂ ಸಮಾಲೋಚಕರ ನೆರವು ಕೊಡಿಸುವ ಹೊಣೆ ಯಾರದೆಂದು ಕೇಳಬಹುದಿತ್ತು. ಬೋಟಿನಲ್ಲಿ ತಂಡೇಲ ಮತ್ತು ಆಳುಗಳು. ಲಾಭದಲ್ಲಿ ಪಾಲು, ನಷ್ಟದಲ್ಲಿ ಸಾಲ. ಮೀನು ಮಾರುವ ಮಹಿಳೆಯರು, ಬೀಡಿ ಕಟ್ಟುವವರು, ಖಾಸಗಿ ಬಸ್ಸಿನ ನಿರ್ವಾಹಕರು, ಹೋಟೆಲ್ ಕಾರ್ಮಿಕರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಇವರಿಗೆ ದಾರಿ ಇಲ್ಲವೆಂದೇನಿಲ್ಲ. ಮಾನಸಿಕ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಾಚೆಗೆ ಕೊಂಡೊಯ್ದ ಹೆಗ್ಗಳಿಕೆ ಕರ್ನಾಟಕದ್ದೇ. ನಿಮ್ಹಾನ್ಸ್ 1985ರಿಂದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂತೆಯೇ 2022ರ ಅಕ್ಟೋಬರ್ 10ರಂದು ಆರಂಭಗೊಂಡ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಊರಿನವರ ಕಣ್ಣಿಗೆ ಬೀಳುವೆನೆಂಬ ಅಳುಕಿನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದವರಿಗೆ ಇದು ವರದಾನ.

ಸಣ್ಣ ಸಂಸ್ಥೆಗಳು ಏನು ಮಾಡಬಹುದು?

* ಐದಾರು ಸಂಸ್ಥೆಗಳು ಅಥವಾ ಒಂದು ಸಹಕಾರ ಸಂಘ ಸೇರಿ ಒಬ್ಬ ಸಮಾಲೋಚಕರನ್ನು ವಾರಕ್ಕೊಮ್ಮೆ ಕರೆಸಬಹುದು. ಭೇಟಿಯ ಸ್ಥಳ ಕೆಲಸದ ಜಾಗದಿಂದ ದೂರವಿರಲಿ.

* ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಬೋಟುಗಳು ದಡದಲ್ಲಿರುತ್ತವೆ, ಆದಾಯವೂ ನಿಂತಿರುತ್ತದೆ. ಸಂಘಗಳು ಮಾಹಿತಿ ಶಿಬಿರ ನಡೆಸಲು ಇದೇ ಸೂಕ್ತ ಕಾಲ.

* 14416 ಸಂಖ್ಯೆಯನ್ನು ವೇತನ ಚೀಟಿಯಲ್ಲಿ, ಬಂದರಿನ ಫಲಕದಲ್ಲಿ, ಬಸ್ಸಿನೊಳಗೆ ಮುದ್ರಿಸಬೇಕು.

* ನಿದ್ರಾಹೀನತೆ, ಅತಿಯಾದ ಕುಡಿತ, ಪದೇ ಪದೇ ಗೈರುಹಾಜರಿ, ಬದುಕು ಸಾಕೆಂಬ ಮಾತು ಕಂಡುಬಂದಲ್ಲಿ ಬೈಯುವ ಮೊದಲು ವಿಚಾರಿಸಬೇಕು. ಸಾವಿನ ಮಾತೆತ್ತಿದವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಹತ್ತು ಮಂದಿ ದುಡಿಯುವೆಡೆ ಒಬ್ಬರಾದರೂ ಹೀಗೆ ಬಳಲುತ್ತಿರುವ ಸಂಭವವಿದೆ ಎಂಬುದನ್ನು ಅಂಗಡಿಯ ಮಾಲಕರೂ ಬೋಟಿನ ಧಣಿಗಳೂ ಅರಿತರೆ, ಸಮಾಲೋಚನೆಯು ದೊಡ್ಡ ಕಂಪನಿಗಳ ಸವಲತ್ತಾಗಿ ಮಾತ್ರ ಉಳಿಯದು.