ಒಂದೇ ಅಚ್ಚಿನ ಕುರ್ಚಿ: ಗಾಜಿನ ನಾರಿನಿಂದ ಮದುವೆ ಪೆಂಡಾಲ್‌ವರೆಗೆ

ಇವತ್ತು ಕುರ್ಚಿಯ ಕಥೆ ಹೇಳ್ತೀನಿ. ಇಂಡಿಯಲ್ಲಿ ಮದುವೆ ಇರಲಿ, ಸಿಂದಗಿಯಲ್ಲಿ ಚಹಾದಂಗಡಿ ಇರಲಿ, ಮುದ್ದೇಬಿಹಾಳದಲ್ಲಿ ರಾಜಕೀಯ ಸಭೆ ಇರಲಿ, ಕೂರೋಕೆ ಸಿಗೋದು ಅದೇ ಪ್ಲಾಸ್ಟಿಕ್ ಕುರ್ಚಿ. ಬೆನ್ನು, ಕೈ, ಕಾಲು ಎಲ್ಲಾ ಒಂದೇ ತುಂಡು. ಮೊಳೆ ಇಲ್ಲ, ಬೆಸುಗೆ ಇಲ್ಲ. ಇದು ಬಂದದ್ದು ಎಲ್ಲಿಂದ?

1948ಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಕಡಿಮೆ ಬೆಲೆಯ ಪೀಠೋಪಕರಣಗಳಿಗಾಗಿ ಸ್ಪರ್ಧೆ ಇಟ್ಟಿತು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಮೈಗೆ ಹೊಂದುವ ಚಿಪ್ಪಿನಂಥ ಆಸನವನ್ನು ಲೋಹದಲ್ಲಿ ಯೋಚಿಸಿದರು. ಅದು ದುಬಾರಿಯಾಯ್ತು. ಯುದ್ಧವಿಮಾನಗಳ ರಾಡಾರ್ ಮುಚ್ಚಲು ಬಳಸಿದ್ದ ಫೈಬರ್‌ಗ್ಲಾಸ್ ಆಗ ಕೈಹಿಡೀತು. 1950ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಆ ಕುರ್ಚಿಯನ್ನು ಮಾರಾಟಕ್ಕೆ ತಂದಿತು.

ನಮ್ಮ ಕಡೆ ಮಣ್ಣಿಗೆ ಹೊಟ್ಟು ಕಲಸಿ ಗೋಡೆ ಮೆತ್ತೋದು ಗೊತ್ತಲ್ಲ? ಬರೀ ಮಣ್ಣು ಬಿರುಕು ಬಿಡುತ್ತೆ, ಹೊಟ್ಟು ಅದನ್ನ ಹಿಡಿದಿಡುತ್ತೆ. ಫೈಬರ್‌ಗ್ಲಾಸೂ ಹಾಗೇ: ಮಣ್ಣಿನ ಬದಲು ಪಾಲಿಯೆಸ್ಟರ್ ರಾಳ, ಹೊಟ್ಟಿನ ಬದಲು ಗಾಜಿನ ನಾರು. ಅಚ್ಚಿನಲ್ಲಿಟ್ಟು ಒತ್ತಿದರೆ ಶಿಲ್ಪದಂಥ ಬಾಗು ಬರುತ್ತೆ. ಆ ಬಾಗೇ ಅದರ ಬಲ.

1957ರಲ್ಲಿ ಸಾರಿನೆನ್ ಅವರ ಟುಲಿಪ್ ಕುರ್ಚಿ ಬಂತು. ಆಸನ ಫೈಬರ್‌ಗ್ಲಾಸ್, ಕಾಲು ಮಾತ್ರ ಅಲ್ಯುಮಿನಿಯಂ. ಡೆನ್ಮಾರ್ಕ್‌ನ ವರ್ನರ್ ಪ್ಯಾಂಟನ್ 1967ರಲ್ಲಿ ಕಾಲನ್ನೂ ಸೇರಿಸಿ ಒಂದೇ ತುಂಡು ಮಾಡಿದರು. ಅದರ ಮೊದಲ ಕುರ್ಚಿಗಳೂ ಗಾಜಿನ ನಾರಿನವೇ. 1972ರಲ್ಲಿ ಫ್ರಾನ್ಸ್‌ನ ಆನ್ರಿ ಮಾಸೊನೆ, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ನುಗ್ಗಿಸಿ ನಿಮಿಷಗಳಲ್ಲಿ ಕುರ್ಚಿ ತೆಗೆದರು. ನಮ್ಮ ಪೆಂಡಾಲ್ ಕುರ್ಚಿಗೆ ಅದೇ ಹಿರಿಯಣ್ಣ.

ಈಮ್ಸ್ ದಂಪತಿ ಭಾರತಕ್ಕೂ ಬಂದಿದ್ರು. ಸರ್ಕಾರಕ್ಕೆ 1958ರಲ್ಲಿ ಕೊಟ್ಟ ವರದಿಯಲ್ಲಿ ಅವರು ಮೆಚ್ಚಿದ್ದು ನಮ್ಮ ನೀರಿನ ತಂಬಿಗೆಯನ್ನ. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯ್ತು.

ಈಗ ತಮಾಷೆ ನೋಡಿ. ಬಡವರಿಗೂ ಸಿಗಲಿ ಅಂತ ಮಾಡಿದ ಆ ಹಳೇ ಫೈಬರ್‌ಗ್ಲಾಸ್ ಕುರ್ಚಿ ಇವತ್ತು ಸಂಗ್ರಾಹಕರ ದುಬಾರಿ ವಸ್ತು. ಅದರ ಮಾತು ಉಳಿಸಿದ್ದು, ಯಾರೂ ಚೆಂದ ಅನ್ನದ ಪ್ಲಾಸ್ಟಿಕ್ ಕುರ್ಚಿ.

ನನಗೆ ಇದು ಬರೀ ವಿನ್ಯಾಸದ ಕಥೆ ಅನ್ನಿಸಲ್ಲ. ಹಳ್ಳಿಗಳಲ್ಲಿ ಕುರ್ಚಿ ಯಾರಿಗೆ, ನೆಲ ಯಾರಿಗೆ ಅನ್ನೋದನ್ನ ಜಾತಿ, ಹೊಲ ತೀರ್ಮಾನಿಸ್ತಿದ್ದವು. 2019ರಲ್ಲೂ ಉತ್ತರಾಖಂಡದಲ್ಲಿ, ಮದುವೆಯೊಂದರಲ್ಲಿ ಕುರ್ಚಿ ಮೇಲೆ ಕೂತು ಉಂಡ ಅನ್ನೋ ಕಾರಣಕ್ಕೆ ಹಲ್ಲೆಯಾಗಿ ದಲಿತ ಯುವಕ ತೀರಿಕೊಂಡ ಪ್ರಕರಣ ವರದಿಯಾಗಿತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಮಂದಿಗೆ ಈ ಪ್ರಶ್ನೆ 12ನೇ ಶತಮಾನದ್ದು.

ಒಂದೇ ಅಚ್ಚಿನ ನೂರು ಕುರ್ಚಿ ಸಾಲಾಗಿ ಹಾಕಿದಾಗ ದೊಡ್ಡವರ ಕುರ್ಚಿ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಇರಬೇಕು, ಮುಂದಿನ ಸಾಲಲ್ಲಿ ಸೋಫಾ ಇಡೋದನ್ನ ನಾವಿನ್ನೂ ಬಿಟ್ಟಿಲ್ಲ. ಮುಂದಿನ ಸಭೇಲಿ ಆ ಸೋಫಾದಲ್ಲಿ ಯಾರು ಕೂತಿದ್ದಾರೆ, ಸ್ವಲ್ಪ ನೋಡಿ. ಮತ್ತೆ ಸಿಗೋಣ.