ನುಂಗಂಬಾಕ್ಕಂ: ಬಡಾವಣೆಗಳ ಮಳೆನೀರು ನಿರ್ವಹಣೆಯ ಇತಿಹಾಸ

ನುಂಗಂಬಾಕ್ಕಂ ಚೆನ್ನೈ ನಗರದ ನಡುಭಾಗದಲ್ಲಿ, ಕೂವಂ ನದಿಯ ದಕ್ಷಿಣಕ್ಕಿರುವ ಪ್ರದೇಶ. 1708ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಐದು ಹಳ್ಳಿಗಳಲ್ಲಿ ಇದೂ ಒಂದು. ಇಲ್ಲಿಂದ ಮಾಂಬಲಂ ದಾಟಿ ಸೈದಾಪೇಟೆಯತ್ತ ಚಾಚಿದ್ದ ನೀಳವಾದ ಕೆರೆಯನ್ನು ಹಳೆಯ ನಕ್ಷೆಗಳು ‘ಲಾಂಗ್ ಟ್ಯಾಂಕ್’ ಎಂದು ಗುರುತಿಸುತ್ತವೆ. ಮದ್ರಾಸ್ ಬೆಳೆದಂತೆ ಮನೆಗಳಿಗೆ ಜಾಗ ಬೇಕಾಯಿತು. 1920ರ ನಗರ ಯೋಜನಾ ಕಾಯ್ದೆ ಬಂದ ಬಳಿಕ, 1923ರಿಂದ ಕೆರೆಯನ್ನು ಬರಿದುಮಾಡಿ ತ್ಯಾಗರಾಯ ನಗರವನ್ನು ಕಟ್ಟಲಾಯಿತು. ನುಂಗಂಬಾಕ್ಕಂ ಕಡೆ ಉಳಿದ ಭಾಗವೂ ಮುಂದಿನ ದಶಕಗಳಲ್ಲಿ ತುಂಬಿಹೋಯಿತು. ಆ ಜಾಗದ ಮೇಲೆ 1976ರಲ್ಲಿ ವಳ್ಳುವರ್ ಕೋಟ್ಟಂ ಸ್ಮಾರಕ ಎದ್ದು ನಿಂತಿತು; ಪಕ್ಕದ ಬಡಾವಣೆಗೆ ಇಂದಿಗೂ ‘ಲೇಕ್ ಏರಿಯಾ’ ಎಂದೇ ಹೆಸರು. ಹೀಗೆ ಹೋದದ್ದು ನೀರಿನ ಹರವು ಮಾತ್ರವಲ್ಲ, ಮಳೆಯನ್ನು ಹಿಡಿದು, ತಡೆದು, ಕೋಡಿಯ ಮೂಲಕ ನಿಧಾನವಾಗಿ ಬಿಡುವ ವ್ಯವಸ್ಥೆ. ಅದರ ಜಾಗಕ್ಕೆ ಬಂದದ್ದು ನೀರನ್ನು ಆದಷ್ಟು ಬೇಗ ಸಾಗಹಾಕುವ ಚರಂಡಿ. ಇಲ್ಲಿನ ನೆರೆಯ ಮೂಲ ಚರಂಡಿಯ ಅಗಲದಲ್ಲಿಲ್ಲ, ಈ ಅದಲುಬದಲಿನಲ್ಲಿದೆ.

ಮಳೆಯೇ ವಿಪರೀತವಾಗಿದೆ, ಕೆರೆ ಇದ್ದಿದ್ದರೂ ಇಷ್ಟೇ ಆಗುತ್ತಿತ್ತು ಎಂಬ ಆಕ್ಷೇಪವನ್ನು ಪರಿಶೀಲಿಸಲು ಬೇಕಾದ ದಾಖಲೆ ನುಂಗಂಬಾಕ್ಕಂನಲ್ಲೇ ಇದೆ. ನಗರದ ಹವಾಮಾನ ಕೇಂದ್ರ ಇರುವುದು ಇಲ್ಲಿಯೇ. 2015ರ ನವೆಂಬರ್‌ನಲ್ಲಿ ನಗರದ ಮಾಪಕದಲ್ಲಿ ದಾಖಲಾದದ್ದು ಸುಮಾರು 1,049 ಮಿಲಿಮೀಟರ್. ಕೆರೆ ಇನ್ನೂ ಇದ್ದ 1918ರ ನವೆಂಬರ್‌ನಲ್ಲಿ ಅದಕ್ಕಿಂತ ಹೆಚ್ಚು, 1,088 ಮಿಲಿಮೀಟರ್ ಸುರಿದಿತ್ತು. ತಿಂಗಳ ಮೊತ್ತದಿಂದ ಗಂಟೆಯ ಬಿರುಸು ತಿಳಿಯದು, ನಿಜ. ಆದರೂ ಇಷ್ಟು ಮಳೆ ಈ ನೆಲಕ್ಕೆ ಹೊಸದಲ್ಲ. 2015ರ ಡಿಸೆಂಬರ್ ಪ್ರವಾಹಕ್ಕೆ ಚೆಂಬರಂಬಾಕ್ಕಂ ಜಲಾಶಯದಿಂದ ಅಡ್ಯಾರ್ ನದಿಗೆ ಬಿಟ್ಟ ನೀರು ಕಾರಣ, ನುಂಗಂಬಾಕ್ಕಂ ನಿವೇಶನಗಳಲ್ಲ ಎಂಬ ಮಾತಿನಲ್ಲೂ ತಥ್ಯವಿದೆ. ಆದರೆ ಈ ಭಾಗದ ನೀರನ್ನು ಹೊರುವ ಮಾಂಬಲಂ ಕಾಲುವೆ ಸೇರುವುದು ಅದೇ ಅಡ್ಯಾರಿಗೆ. ನದಿ ತುಂಬಿದಾಗ, ಅಥವಾ ಸಮುದ್ರದ ಉಬ್ಬರ ಅಳಿವೆಯಲ್ಲಿ ನೀರನ್ನು ತಡೆದಾಗ, ಸಮತಟ್ಟಾದ ಈ ಊರಿನ ಕಾಲುವೆ ಎಷ್ಟೇ ಅಗಲವಿದ್ದರೂ ನೀರು ಇಳಿಯುವುದಿಲ್ಲ. ಆ ಹೊತ್ತು ನೀರು ಎಲ್ಲಾದರೂ ಕಾಯಲೇಬೇಕು. ಕೆರೆಯಿಲ್ಲದಿದ್ದರೆ ಬೀದಿಯಲ್ಲಿ ಕಾಯುತ್ತದೆ.

ಕೆರೆಯನ್ನು ಮರಳಿ ತೋಡುವುದು ಆಗದ ಮಾತು, ಕೆಲಸ ನಿವೇಶನದೊಳಗೇ ಆಗಬೇಕು. ಚೆನ್ನೈನಲ್ಲಿ ಜಾಗದ ಅಳತೆ ‘ಗ್ರೌಂಡ್’, ಅಂದರೆ 2,400 ಚದರ ಅಡಿ. ಬೆಂಗಳೂರಿನ 60×40 ಸೈಟಿನಷ್ಟೇ. ವಳ್ಳುವರ್ ಕೋಟ್ಟಂ ತಲೆಯೆತ್ತಿದ ವರ್ಷವೇ, ನವೆಂಬರ್ 25ರಂದು ಒಂದೇ ದಿನ ನುಂಗಂಬಾಕ್ಕಂನಲ್ಲಿ 452 ಮಿಲಿಮೀಟರ್ ಮಳೆ ದಾಖಲಾಯಿತು. ಒಂದು ಗ್ರೌಂಡಿನ ಮೇಲೆ ಅದು ಸುಮಾರು 1 ಲಕ್ಷ ಲೀಟರ್. ಮಣ್ಣಿನ ಅಂಗಳ ಅದರಲ್ಲಿ ಒಂದು ಪಾಲನ್ನು ಕುಡಿಯುತ್ತದೆ. ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿದರೆ ಬಹುಪಾಲು ರಸ್ತೆಗೆ ಹರಿಯುತ್ತದೆ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದ್ದರಿಂದ ಸಮಸ್ಯೆ ತೀರಬೇಕಿತ್ತಲ್ಲವೇ? ಆ ಆದೇಶದ ಮುಖ್ಯ ಗುರಿ ಬರ ಮತ್ತು ಅಂತರ್ಜಲ, ನೆರೆಯಲ್ಲ. ಸಣ್ಣ ಇಂಗುಗುಂಡಿ ಸಾಧಾರಣ ಮಳೆಯನ್ನು ಬಾವಿಗೆ ಸೇರಿಸೀತು. ಈಶಾನ್ಯ ಮಾರುತದ ಕಾಲದಲ್ಲಿ ನೆಲವೇ ನೆನೆದು ತುಂಬಿರುವಾಗ ಅದರ ಕೆಲಸ ಮುಗಿಯಿತು. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣವಾಗಿಸಿಕೊಂಡ ಬೆಂಗಳೂರಿನ ಮಳೆಕೊಯ್ಲು ನಿಯಮಕ್ಕೂ ಇದೇ ಮಿತಿಯಿದೆ.

2021ರ ನವೆಂಬರ್‌ನಲ್ಲಿ ತ್ಯಾಗರಾಯ ನಗರ ಮತ್ತೆ ಮುಳುಗಿದಾಗ ಸರ್ಕಾರ ನಿವೃತ್ತ ಅಧಿಕಾರಿ ವಿ. ತಿರುಪ್ಪುಗಳ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು, ಮಳೆನೀರು ಚರಂಡಿಗಳ ಕಾಮಗಾರಿಯೂ ಭರದಿಂದ ನಡೆಯಿತು. ಅವು ಬೇಕು. ಆದರೆ ಪರವಾನಗಿ ಕೊಡುವಾಗ ನಿವೇಶನದಿಂದ ಗಂಟೆಗೆ ಎಷ್ಟು ನೀರು ಹೊರಬೀಳಬಹುದು ಎಂಬ ಮಿತಿ ಹಾಕಿ, ಉಳಿದದ್ದನ್ನು ಒಳಗೇ ತಡೆಯುವ ತೊಟ್ಟಿ ಕೇಳದಿದ್ದರೆ, ಪ್ರತಿ ಹೊಸ ಕಟ್ಟಡ ಆ ಚರಂಡಿಯ ಹೊರೆಯನ್ನು ಹೆಚ್ಚಿಸುತ್ತಲೇ ಹೋಗುತ್ತದೆ.